ಸಾಲ ತೀರಿಸೋಣ, ಬೈಗುಳ ಸಹಿಸೋದು ಬೇಡ

ಪ್ರೀತಿಯ ಗೆಳೆಯಾ,

ಸಾಲ ವಸೂಲಿಯವರ ಕಾಟ ಹೇಳಿಕೊಳ್ಳುತ್ತಾ ಮೊನ್ನೆ ಫೋನಿನಲ್ಲಿ "ಬಾಗಿಲು ತೆಗೆಯೋಕೇ ಭಯ ಆಗುತ್ತೆ" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗುತ್ತಿಲ್ಲ. ನಿನ್ನ ಹೆಸರು ಬರೆದಿಲ್ಲ. ಇದೇ ಪಾಡು ಪಡುತ್ತಿರುವ ಬೇರೆಯವರೂ ಓದಲಿ ಅಂತ ಎಲ್ಲರ ಮುಂದೆ ಇಡುತ್ತಿದ್ದೇನೆ.

ಕಂತು ಕಟ್ಟದಿದ್ದರೆ ಪೊಲೀಸರಿಂದ ಎಳೆಸಿಕೊಂಡು ಹೋಗ್ತೀವಿ ಅಂತ ಹೆದರಿಸಿದ್ದಾರೆ ಅಲ್ವಾ? ಅದು ಸುಳ್ಳು. ದುಡ್ಡಿಲ್ಲದೆ ಕಂತು ತಪ್ಪಿದರೆ ಅದು ಸಿವಿಲ್ ವ್ಯವಹಾರ, ಜೈಲಿಗೆ ಹಾಕುವ ಅಪರಾಧವಲ್ಲ. ಚೆಕ್ ಇಲ್ಲವೇ ಬ್ಯಾಂಕಿನ ಆಟೋ ಡೆಬಿಟ್ ಬೌನ್ಸ್ ಆಗಿದ್ದರೆ, ಅಥವಾ ಮೋಸ ಮಾಡಿ ಸಾಲ ತಗೊಂಡಿದ್ದರೆ ಕ್ರಿಮಿನಲ್ ಕೇಸ್ ಆಗಬಹುದು. ಕೋರ್ಟಿನಿಂದ ನೋಟಿಸ್ ಬಂದರೆ ಬಚ್ಚಿಡಬೇಡ, ನನಗೆ ಕಳಿಸು.

ನನಗೆ ಜಾಸ್ತಿ ನೋವಾಗಿದ್ದು ಅತ್ತಿಗೆಯ ಸಂಘದ ಸಾಲದ ವಿಷಯ ಕೇಳಿ. ಒಬ್ಬರ ಕಂತು ಬಾಕಿ ಇದ್ದರೆ ಮೈಕ್ರೋ ಫೈನಾನ್ಸ್‌ನವರು, ಅಂದರೆ ಗುಂಪಿಗೆ ಸಣ್ಣ ಸಾಲ ಕೊಡುವ ಕಂಪನಿಯವರು, ದುಡ್ಡು ಬರುವವರೆಗೆ ಗುಂಪಿನ ಅಷ್ಟೂ ಹೆಂಗಸರನ್ನು ಮೀಟಿಂಗಿನಲ್ಲೇ ಕೂರಿಸಿಕೊಳ್ಳುತ್ತಾರೆ. ಒಲೆ ಮೇಲೆ ಅನ್ನ ಇಟ್ಟು ಬಂದವರಿಗೆ ಸಿಟ್ಟು ಬರದೇ ಇರುತ್ತಾ? ಆ ಸಿಟ್ಟು ಫೈನಾನ್ಸ್‌ನವನ ಮೇಲೆ ಹೋಗಲ್ಲ, ಅತ್ತಿಗೆ ಮೇಲೆ ಬರುತ್ತೆ. ನಿನ್ನೆವರೆಗೆ ಸಕ್ಕರೆ, ಕಾಫಿಪುಡಿ ಕೊಟ್ಟು ತಗೊಂಡು ಮಾಡುತ್ತಿದ್ದ ಅಕ್ಕಪಕ್ಕದವರೇ ಮುಖ ತಿರುಗಿಸುತ್ತಾರೆ. ವಸೂಲಿಯವನು ಒಂದು ಕೆಟ್ಟ ಮಾತೂ ಆಡದೆ ಕೆಲಸ ಸಾಧಿಸುವುದು ಹೀಗೆ. ಇದು ಅನ್ಯಾಯ ಕಣೋ.

ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಇಂಥ ಕಾಟಕ್ಕೆ ತಡೆ ಇದೆ. ಮೈಕ್ರೋ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ, ಜೊತೆ ಕೆಲಸದವರಿಗೆ ಕಾಟ ಕೊಡುವುದು, ಸಾಲಗಾರರ ಹೆಸರು ಬಹಿರಂಗ ಮಾಡುವುದು ಎಲ್ಲವೂ ತಪ್ಪು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಅಲ್ಲಿಗೆ ಸತತವಾಗಿ ಎರಡು ಸಲ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಹಾಗಾಗಿ ದುಡ್ಡು ಹೊಂದದಿದ್ದರೂ ಅತ್ತಿಗೆ ಮೀಟಿಂಗಿಗೆ ಹೋಗಲಿ, ನೀನೂ ಜೊತೆಗಿರು.

ನಿನ್ನ ಆ್ಯಪ್ ಸಾಲದವರು ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಮೆಸೇಜ್ ಹಾಕಿದ್ದಾರೆ ಅಂದೆ. ನಿನ್ನ ಫೋನಿನಲ್ಲಿರುವ ಕಾಂಟ್ಯಾಕ್ಟ್, ಫೋಟೋಗಳನ್ನು ತೆಗೆದುಕೊಳ್ಳುವ ಹಕ್ಕೇ ಸಾಲದ ಆ್ಯಪ್‌ಗಳಿಗಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಮೆಸೇಜ್ ಅಳಿಸಬೇಡ, ಓದಲು ಎಷ್ಟೇ ಅಸಹ್ಯವಾದರೂ.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ಮುಖ್ಯಮಂತ್ರಿಗೆ ಮಾಂಗಲ್ಯ ಸರ ಕಳಿಸಿ ಗೋಳು ತೋಡಿಕೊಂಡಿದ್ದು ನೆನಪಿದೆಯಾ? ಅದರ ಮರು ತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಪೊಲೀಸರು ದೂರು ತಗೊಳಲ್ಲ ಅನ್ನುವಂತಿಲ್ಲ. ರಾತ್ರಿ ಬಂದು ಗಲಾಟೆ ಮಾಡಿದರೆ ನೇರ 112ಕ್ಕೆ ಫೋನ್ ಮಾಡು.

ಕಂಪನಿಗೂ ಒಂದು ದೂರು ಬರೆಯೋಣ. ಲೋನ್ ಕಾರ್ಡ್ ಮೇಲೆ ಯಾರಿಗೆ ಕಳಿಸಬೇಕು ಅಂತ ಇರುತ್ತೆ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗೋಣ. ಅವರ ಸಹಾಯವಾಣಿ 14448. ಅತ್ತಿಗೆಗೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರೂ ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ.

ಒಂದು ಮಾತು ಮಾತ್ರ ನಡೆಸಿಕೊಡು. ಈ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಬೇಡ. ಎಷ್ಟು ಕಟ್ಟಲು ಆಗುತ್ತೋ ಅಷ್ಟನ್ನೇ ಬರೆದು, ಕಂತು ಇಳಿಸಿ ಅಂತ ಕೇಳೋಣ. ಅಸಲು ನಾವು ತಂದಿದ್ದು, ಕೊಡೋಣ.

"ಸಾಕಾಗಿದೆ" ಅಂದಾಗ ನಿನ್ನ ದನಿ ಕೇಳಿ ಹೆದರಿದೆ. ಅಂಥ ಯೋಚನೆ ಬಂದರೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು. ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಮಾಡು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಲೋನ್ ಕಾರ್ಡು, ರಸೀದಿ, ಪಾಸ್‌ಬುಕ್ ಎಲ್ಲ ಒಂದು ಕಡೆ ತೆಗೆದಿಡು. ಕೂತು ಲೆಕ್ಕ ಹಾಕಿ, ದೂರು ಬರೆದು, ಸ್ಟೇಷನ್ನಿಗೂ ಒಟ್ಟಿಗೇ ಹೋಗಿ ಬರೋಣ.

ನಿನ್ನ ಗೆಳೆಯ