ಹೆಣದ ಕೊರಳಿನ ಹಾರ

ಶಿರಸಿ

ಪ್ರಿಯ ಗೆಳೆಯಾ,

ಮೊನ್ನೆ ಕರ್ಣಪರ್ವದ ತಾಳಮದ್ದಲೆ, ಆ ವೇಷವಿಲ್ಲದ ಮಾತಿನ ಯಕ್ಷಗಾನ, ಮುಗಿದು ಕಾರವಾರದ ಬಸ್ಸು ಹತ್ತುವಾಗ, 'ಕರ್ಣ ಕುರುಕ್ಷೇತ್ರಕ್ಕೆ ಸಾಯಲೆಂದೇ ಬಂದವನು' ಎಂದು ನೀನು ಹೇಳಿ ಹೋದೆ. ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಕರ್ಣ ಸರ್ಪಾಸ್ತ್ರವನ್ನು ಎರಡನೆಯ ಸಲ ತೊಡಲೊಲ್ಲದ ಸಂದರ್ಭವನ್ನು ಬೆಳೆಸಿದ ಪರಿಗೆ ನಾನೂ ತಲೆದೂಗಿದವನೇ. ಆದರೂ ಆ ಮಾತನ್ನು ಒಪ್ಪಲು ನನಗೆ ಮನಸ್ಸು ಬರಲಿಲ್ಲ.

ವ್ಯಾಸಭಾರತದ ವನಪರ್ವದಲ್ಲಿ, ಇಂದ್ರನು ಕವಚಕುಂಡಲಗಳನ್ನು ಬೇಡಲು ಬರುವ ಮೊದಲು, ಸೂರ್ಯನು ಬ್ರಾಹ್ಮಣನ ರೂಪದಲ್ಲಿ ಕನಸಿಗೆ ಬಂದು, ತಾನು ತಂದೆಯೆಂಬುದನ್ನು ಮಾತ್ರ ಹೇಳದೆ, ಕರ್ಣನನ್ನು ಎಚ್ಚರಿಸುತ್ತಾನೆ. ಹೆಂಡಿರು ಮಕ್ಕಳನ್ನು ನೆನೆ, ಕೀರ್ತಿಯನ್ನು ಉಣ್ಣುವವನು ಬದುಕಿರುವವನೇ ಹೊರತು ಸತ್ತವನಲ್ಲ, ಬೂದಿಯಾದವನಿಗೆ ಕೀರ್ತಿಯೆಂದರೆ ಹೆಣದ ಕೊರಳಿಗೆ ಹಾಕಿದ ಹಾರವಿದ್ದಂತೆ ಎನ್ನುತ್ತಾನೆ. ಇದಕ್ಕಿಂತ ಕಟುವಾದ ಮಾತನ್ನು ವೀರನೊಬ್ಬನಿಗೆ ಹೇಳುವುದು ಸಾಧ್ಯವೇ? ಕರ್ಣನ ಉತ್ತರವೂ ಅಷ್ಟೇ ಗಟ್ಟಿ: ಕೀರ್ತಿಯು ಮನುಷ್ಯನನ್ನು ತಾಯಿಯಂತೆ ಬದುಕಿಸುತ್ತದೆ, ಅಪಕೀರ್ತಿಯು ಜೀವವಿರುವಾಗಲೇ ಕೊಲ್ಲುತ್ತದೆ, ತನಗೆ ಸಾವಿಗಿಂತ ಸುಳ್ಳಿನ ಭಯವೇ ಹೆಚ್ಚು. ಹೆತ್ತವಳೇ ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟ ಮಗನ ಬಾಯಿಂದ 'ತಾಯಿಯಂತೆ' ಎಂಬ ಮಾತು ಬರುತ್ತದೆ. ಅದನ್ನು ಓದಿದಾಗಲೆಲ್ಲ ನಾನು ಪುಟ ತಿರುಗಿಸದೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಆದರೆ ನೀನು ಗಮನಿಸಬೇಕಾದದ್ದು ಆಮೇಲಿನದು. ಕೊಟ್ಟೇ ತೀರುತ್ತೇನೆಂದು ಹಟ ಹಿಡಿದವನು ಸೂರ್ಯನ ಸಲಹೆಯಂತೆ ಇಂದ್ರನಿಂದ ಅಮೋಘ ಶಕ್ತ್ಯಾಯುಧವನ್ನು ಬದಲಿಗೆ ಕೇಳಿ ಪಡೆಯುತ್ತಾನೆ. ಮೈಗಂಟಿದ ಕವಚವನ್ನು ಕೊಯ್ದು ತೆಗೆಯುವಾಗ ತನ್ನ ದೇಹ ವಿಕಾರವಾಗಬಾರದೆಂದೂ ಕೋರುತ್ತಾನೆ. ಸಾಯಲು ಹೊರಟವನಿಗೆ ಮೈಯ ಅಂದದ ಚಿಂತೆ ಏಕೆ? ಅರ್ಜುನನಿಗೆಂದು ಕಾಪಾಡಿಕೊಂಡಿದ್ದ ಆ ಶಕ್ತಿಯನ್ನು ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚನ ಮೇಲೆ ಪ್ರಯೋಗಿಸಬೇಕಾಗಿ ಬಂದುದು ಬೇರೆ ಮಾತು. ಕರ್ಣನಿಗೆ ಬದುಕು ಬೇಕಾಗಿತ್ತು, ಗೆಲುವೂ ಬೇಕಾಗಿತ್ತು. ಎರಡಕ್ಕೂ ತಾನು ತೆರಲಾರದ ಬೆಲೆಯೊಂದಿದೆ ಎಂಬುದಷ್ಟೇ ಅವನ ನಿಲುವು. ಗುರಿ ತಪ್ಪಿದ ಬಾಣದಲ್ಲಿದ್ದ ಸರ್ಪ ಅಶ್ವಸೇನ ಮರಳಿ ಬಂದು 'ಇನ್ನೊಮ್ಮೆ ತೊಡು' ಎಂದಾಗ, ನೂರು ಮಂದಿ ಅರ್ಜುನರನ್ನು ಕೊಲ್ಲುವುದಾದರೂ ಪರರ ಬಲದಿಂದ ಗೆಲ್ಲಲಾರೆ ಎಂದು ವ್ಯಾಸರ ಕರ್ಣ ಹೇಳುವುದೂ ಇದರಿಂದಲೇ. ತೊಟ್ಟ ಬಾಣವನ್ನು ಮತ್ತೆ ತೊಡೆನೆಂದು ಕುಂತಿಗೆ ಕೊಟ್ಟ ಮಾತಿನ ಕಾರಣ ನಮ್ಮ ತಾಳಮದ್ದಲೆಗೆ ಹೆಚ್ಚು ಒಗ್ಗುತ್ತದೆ, ಕಣ್ಣೀರಿಗೂ ಅನುಕೂಲ. ನನಗೆ ಮಾತ್ರ ವ್ಯಾಸರದೇ ಇಷ್ಟ.

ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳ ಮೇಲಿರುವ ಶ್ಲೋಕವು, ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣಕ್ಕೆ ಅಳಿಯುವ ದೇಹವಿರುವಾಗ ರಣದಲ್ಲಿ ಸಾವಿನ ಚಿಂತೆಯೇಕೆ ಎಂದು ಎಲ್ಲವನ್ನೂ ಸಲೀಸು ಮಾಡಿಬಿಡುತ್ತದೆ. ಅದು ಉಳಿದವರು ಕೆತ್ತಿಸಿದ ಮಾತು. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟುಕೊಟ್ಟವರು, ಸುರಾಂಗನೆಯಿಂದ ಮಕ್ಕಳ ಹೊಟ್ಟೆ ತುಂಬುವುದಿಲ್ಲವೆಂಬುದನ್ನೂ ಬಲ್ಲವರಾಗಿದ್ದರು.

ನಮ್ಮ ಗದ್ದೆಯ ಬದುವಿನ ವೀರಗಲ್ಲು ನಿನಗೆ ನೆನಪಿರಬೇಕು. ಕಾಳಗದ ಕೆಳಪಟ್ಟಿಕೆ ಮಣ್ಣಿನಲ್ಲಿ ಹೂತಿದೆ, ಅಪ್ಸರೆಯರ ಮುಖ ಸವೆದಿದೆ. ಮೇಲೆ ಲಿಂಗದ ಮುಂದೆ ಕುಳಿತವನೊಬ್ಬನೇ ಇನ್ನೂ ಸ್ಪಷ್ಟ. ಅವನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಅಜ್ಜಿ ಇರುವಷ್ಟು ದಿನವೂ ದೀಪಾವಳಿಗೆ ಅದಕ್ಕೊಂದು ಹಾರ ಹಾಕುತ್ತಿದ್ದರು, ಈಗ ನಾನು ಹಾಕುತ್ತೇನೆ. ಈ ಸಲ ಹಬ್ಬಕ್ಕೆ ಬಾ, ಉಳಿದ ಜಗಳವನ್ನು ಅಲ್ಲಿ ಕುಳಿತು ಮುಗಿಸೋಣ.

ನಿನ್ನ ಗೆಳೆಯ