ಊರು ಬಿಡುವ ಬಸುರಿಯ ಕಡತ ಲಾರಿಗೆ ಹೋಗದಿರಲಿ

ಮಾನ್ಯರೆ,

ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬ್ಲಾಕ್, ಹದಡಿ ರಸ್ತೆಯ ಬಾಡಿಗೆ ಮನೆಗಳ ಮುಂದೆ ಲಗೇಜ್ ಆಟೊಗಳು ಬಂದು ನಿಲ್ಲುತ್ತವೆ. ಖಾಲಿ ಮಾಡುವವರೆಲ್ಲ ಹಾಸ್ಟೆಲ್ ಹುಡುಗರಲ್ಲ. ಮೆಡಿಕಲ್ ಪಿಜಿ ಮುಗಿಸಿದವರು, ಪಿಎಚ್‌.ಡಿ. ಪ್ರಬಂಧ ಒಪ್ಪಿಸಿದವರು, ಅವಧಿ ಮುಗಿದ ಅತಿಥಿ ಉಪನ್ಯಾಸಕರ ನಡುವೆ ಚೊಚ್ಚಲ ಬಸುರಿನ ಐದೋ ಆರೋ ತಿಂಗಳಲ್ಲಿ ಊರು ಬಿಡುವ ಜೋಡಿಗಳೂ ಇರುತ್ತವೆ. ಕಾಲೇಜಿನ ನೋ ಡ್ಯೂ ಫಾರಂನಲ್ಲಿ ಲೈಬ್ರರಿ, ಲ್ಯಾಬ್, ಹಾಸ್ಟೆಲ್ ಎಲ್ಲಕ್ಕೂ ಸಹಿಗೆ ಜಾಗವಿದೆ. ಬಸುರಿನ ತಪಾಸಣೆ, ಚುಚ್ಚುಮದ್ದು ಬರೆದಿಡುವ ತಾಯಿ ಕಾರ್ಡ್ ನೆನಪಿಸುವ ಒಂದು ಸಾಲು ಮಾತ್ರ ಇಲ್ಲ.

ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ಹಾಗಾಗಿ ಊರು ಬದಲಾಗುವುದು ಒಂದು ಸಲವಲ್ಲ, ಎರಡು ಸಲ: ಸೀಮಂತ ಮುಗಿಸಿ ತವರಿಗೆ, ಬಾಣಂತನ ಮುಗಿಸಿ ಗಂಡನ ಹೊಸ ಕೆಲಸದ ಊರಿಗೆ. ಎರಡೂ ಕಡೆ ಆಶಾ ಕಾರ್ಯಕರ್ತೆ ಬೇರೆ, ಸಿಸ್ಟರ್ ಬೇರೆ. ಹೊಸ ಊರಿನಲ್ಲಿ ಹಳೆಯ ಕಾರ್ಡ್ ತೋರಿಸದಿದ್ದರೆ ಹೊಸದಾಗಿ ನೋಂದಣಿ ಮಾಡಿ ಇನ್ನೊಂದು ಆರ್‌ಸಿಎಚ್ ಸಂಖ್ಯೆ (ತಾಯಿ-ಮಗುವಿನ ಆರೋಗ್ಯ ದಾಖಲೆಯ ಗುರುತು) ಕೊಟ್ಟುಬಿಡುತ್ತಾರೆ. ಆಗ ಧನುರ್ವಾಯು ತಡೆಯುವ ಟಿಡಿಯ ಮೊದಲ ಚುಚ್ಚುಮದ್ದು ಒಂದು ಸಂಖ್ಯೆಯಲ್ಲಿ, ಎರಡನೆಯದು ಇನ್ನೊಂದರಲ್ಲಿ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ ಸಿಗುವ 5000 ರೂಪಾಯಿ 3000, 2000 ಎಂದು ಎರಡು ಕಂತಿನಲ್ಲಿ ಬರುತ್ತದೆ. ಎರಡನೆಯ ಕಂತು ಸಿಕ್ಕಿಕೊಳ್ಳುವುದು ಇಂಥ ಕಡೆಯೇ. ಹಣ ಹೋಗುವುದು ತಾಯಿಯ ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬಹಳ ಜನರಿಗೆ ಅದು ವಿದ್ಯಾರ್ಥಿವೇತನಕ್ಕೆಂದು ಕಾಲೇಜಿನ ಪಕ್ಕದ ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆ! ಊರು ಬಿಡುವ ಮೊದಲು ಅದು ಚಾಲ್ತಿಯಲ್ಲಿದೆಯೇ, ಅದಕ್ಕೆ ಕೊಟ್ಟ ಮೊಬೈಲ್ ನಂಬರ್ ಈಗಲೂ ನಿಮ್ಮದೇ ಎಂದು ಕೌಂಟರ್‌ನಲ್ಲಿ ಕೇಳಿಕೊಳ್ಳಿ.

ಕಡತದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ ಯಾವುದು ಎಂದರೆ ಹೆಚ್ಚಿನವರು ಇತ್ತೀಚಿನ ಸ್ಕ್ಯಾನ್ ತೋರಿಸುತ್ತಾರೆ. ಅಲ್ಲ, ಮೂರು ತಿಂಗಳೊಳಗೆ ಮಾಡಿಸಿದ ಮೊದಲನೆಯದು. ಹೆರಿಗೆ ದಿನಾಂಕವನ್ನು ಅದು ಒಂದು ವಾರದ ಆಚೀಚೆಗೆ ಹೇಳುತ್ತದೆ. ಎಂಟನೇ ತಿಂಗಳ ಸ್ಕ್ಯಾನ್‌ನಿಂದ ಲೆಕ್ಕ ಹಾಕಿದರೆ ಎರಡು ಮೂರು ವಾರ ಏರುಪೇರಾಗಬಹುದು. ಮೊದಲ ವರದಿ ಕಳೆದುಹೋದರೆ ಹೊಸ ಆಸ್ಪತ್ರೆಯವರಿಗೆ ಮಗು ಸಣ್ಣದೋ, ದಿನ ತುಂಬಿಲ್ಲವೋ ತಿಳಿಯುವುದಿಲ್ಲ. ಸ್ಕ್ಯಾನ್ ಚಿತ್ರ ಬರುವುದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದಲ್ಲಿ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್‌ಗೆ ಕೊಟ್ಟರೆ ಯಂತ್ರದಿಂದ ಕಾಡಿಗೆ ಬಳಿದ ಹಾಳೆ ಹೊರಬರುತ್ತದೆ. ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಮೂಲವನ್ನು ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಅದು ತಾನಾಗಿಯೇ ಮಾಸುತ್ತದೆ.

ತಾಯಿಯ ರಕ್ತದ ಗುಂಪು ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ ಇನ್ನೂ ಒಂದು ಎಚ್ಚರ. ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ಪ್ರತಿಕಾಯ ಮಾಡದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ 28ನೇ ವಾರದಲ್ಲಿ ಕೊಟ್ಟಿದ್ದರೆ ದಿನಾಂಕ ಸಮೇತ ಬರೆಸಿಕೊಳ್ಳಿ. ಬರೆಸದೆ ಹೋದರೆ ಹೊಸ ಊರಿನ ಲ್ಯಾಬಿನಲ್ಲಿ ಅಂಥ ಪ್ರತಿಕಾಯ ಹುಡುಕುವ ಕೂಂಬ್ಸ್ ಪರೀಕ್ಷೆ ಆ ಇಂಜೆಕ್ಷನ್ನಿಂದಲೇ ಪಾಸಿಟಿವ್ ಬಂದು, ಮಗುವಿಗೇನೋ ಆಗಿದೆ ಎಂದು ಮನೆಮಂದಿಯೆಲ್ಲ ಗಾಬರಿ ಬೀಳುತ್ತಾರೆ. ಮಗುವಿನ ರಕ್ತದ ಗುಂಪು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು ಡೋಸ್ ಬೇಕು. ಆಸ್ಪತ್ರೆಯಲ್ಲಿ ಅದು ದಾಸ್ತಾನು ಇದೆಯೇ ಎಂದು ಮೊದಲೇ ಕೇಳಿಡಿ, ಸಣ್ಣ ಊರಿನ ತವರಾದರೆ ಖಂಡಿತ. ಹಾಗೆಯೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಸಕ್ಕರೆ ಪರೀಕ್ಷೆ. 24ರಿಂದ 28ನೇ ವಾರದ್ದು ಮನೆ ಸಾಗಿಸುವ ಗಡಿಬಿಡಿಯಲ್ಲಿ ತಪ್ಪಿಹೋಗುತ್ತದೆ. ಇಲ್ಲೇ ಮುಗಿಸಿಕೊಂಡು ಹೊರಡುವುದು ಒಳ್ಳೆಯದು.

ಮಾತ್ರೆಗಳನ್ನು ಸಾಮಾನಿನ ಜೊತೆ ಲಾರಿಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಬೇಕು, ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೊರಡುವ ಮುನ್ನ ಒಂದು ಬೆಣ್ಣೆದೋಸೆ ತಿನ್ನಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ತಿನ್ನಿ. ದೋಸೆಯ ಮೇಲೆ ಕಾಫಿ ಕುಡಿದು ಆಗಲೇ ಕಬ್ಬಿಣದ ಮಾತ್ರೆ ನುಂಗುವುದು ಬೇಡ, ಅಷ್ಟೆ. ಮಿರ್ಚಿ ಮಾತ್ರ ಎಂಟು ತಿಂಗಳಿಗೆ ಎದೆ ಉರಿಸುತ್ತದೆ.

ಪ್ರಯಾಣಕ್ಕೆ ನಾಲ್ಕರಿಂದ ಏಳನೇ ತಿಂಗಳು ಹಗುರ. ಕಾರಿನಲ್ಲಾದರೆ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಎಂದು ನಾಲ್ಕು ಕಡೆ ಇಳಿದು ಐದು ನಿಮಿಷ ನಡೆಯಿರಿ, ಬಸುರಿನಲ್ಲಿ ಕಾಲಿನ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಶೌಚಾಲಯ ಸರಿಯಿರುವುದಿಲ್ಲವೆಂದು ನೀರು ಕುಡಿಯದೆ ಕೂರುವುದು, ಬಂದ ಮೂತ್ರ ತಡೆಯುವುದು ಸೋಂಕಿಗೆ ದಾರಿ. ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಕೆಳಗೆ, ತೊಡೆಸಂದಿಗೆ ತಾಗಿ ಇರಬೇಕು. ರೈಲಾದರೆ ಗರ್ಭಿಣಿಯರಿಗೆ ಕೆಳ ಬರ್ತ್ ಕೋಟಾ ಇದೆ.

ಮನೆ ಖಾಲಿ ಮಾಡುವ ಕೆಲಸದಲ್ಲಿ ಬಸುರಿಗೆ ಪುಸ್ತಕದ ಪೆಟ್ಟಿಗೆ ಮುಟ್ಟಲು ಬಿಡಬೇಡಿ. ಅಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಪೆಟ್ಟಿಗೆ ತುಂಬ ಪುಸ್ತಕವಿಟ್ಟರೆ 15 ಕಿಲೊ ದಾಟುತ್ತದೆ. ಅದೇನು ಮಂಡಕ್ಕಿ ಮೂಟೆಯೇ? ಗ್ಯಾಸ್ ಸಂಪರ್ಕ ಬೇರೆ ಊರಿಗಾದರೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ವೋಚರ್ ಪಡೆಯಿರಿ. ಹಳೆಯ ಹತ್ತಿ ಪಂಚೆ, ಸೀರೆಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಹುಟ್ಟುವ ಮೊದಲು ಕೂಸಿಗೆ ಹೊಸದು ಕೊಳ್ಳಬಾರದು ಎನ್ನುವ ಮನೆಗಳಲ್ಲೂ ಇದಕ್ಕೆ ತಕರಾರಿಲ್ಲ. ಕುದಿಸಿ, ಬಿಸಿಲಿಗೆ ಒಣಗಿಸಿ, ಕತ್ತರಿಸಿ ಇಟ್ಟ 20-25 ತುಂಡು ಮೊದಲ ವಾರಕ್ಕೆ ಸಾಕಾಗುವುದೇ ಕಷ್ಟ.

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ನೀವು ಬಾಡಿಗೆಗಿದ್ದ ಊರಿನಲ್ಲಲ್ಲ. 21 ದಿನದೊಳಗೆ ಉಚಿತ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮಗುವಿನ ಹೆಸರು ಇಟ್ಟಿಲ್ಲದಿದ್ದರೂ ಅಡ್ಡಿಯಿಲ್ಲ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತೊಡಕಾಗುವುದು ತಾಯಿಯ ಹೆಸರಿನಿಂದ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ, ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ಜೋಡಣೆ. ಆಸ್ಪತ್ರೆಯ ಫಾರಂ ತುಂಬುವುದು ಜೊತೆಗಿದ್ದ ಅತ್ತೆಯೋ ತಮ್ಮನೋ ಬಾಯಲ್ಲಿ ಹೇಳಿದಂತೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ, ತಂದೆತಾಯಿಯ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ತಾಯಿ ಕಾರ್ಡಿಗೆ ಪಿನ್ ಮಾಡಿಡಿ.

ಇದಕ್ಕೆ ಹೊಸ ಯೋಜನೆ, ಅನುದಾನ ಏನೂ ಬೇಡ. ಕಾಲೇಜುಗಳು ನೋ ಡ್ಯೂ ಫಾರಂನ ಕೊನೆಗೆ ‘ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡ್ ವರ್ಗಾವಣೆಗೆ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ತಿಳಿಸಿ’ ಎಂದು ಒಂದು ಸಾಲು ಸೇರಿಸಲಿ. ಆರೋಗ್ಯ ಕೇಂದ್ರದವರು ಕಾರ್ಡಿನ ಮೇಲೆ ಹೋಗುವ ಊರು, ಕೊಟ್ಟ ಚುಚ್ಚುಮದ್ದು, ಬಾಕಿ ಕಂತು ಬರೆದು ಮೊಹರು ಒತ್ತಿ ಕೊಡಲಿ.

— ಇಬ್ಬರು ಓದುಗರು, ಎಂಸಿಸಿ ‘ಬಿ’ ಬ್ಲಾಕ್, ದಾವಣಗೆರೆ