ಕೋಲಾರ ರೈತ ಗುಂಪು: ವ್ಯಾಮ್ ಚೀಲ ಬೇಕಾದವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ವ್ಯಾಮ್ (ಬೇರಿಗೆ ಸೇರಿ ಗಿಡಕ್ಕೆ ನೆರವಾಗುವ ಶಿಲೀಂಧ್ರ) ಚೀಲಗಳು ಭಾನುವಾರ ಬೆಳಿಗ್ಗೆ 8ಕ್ಕೆ ಡೇರಿ ಹತ್ತಿರ ಸಿಗುತ್ತವೆ. ಟೊಮೇಟೊ, ಮೆಣಸಿನಕಾಯಿ ಇಡುವವರು, ಹೊಸದಾಗಿ ಹಿಪ್ಪುನೇರಳೆ ನಾಟಿ ಮಾಡುವವರು ತಗೊಳ್ಳಿ. ಕೋಸು, ಮೂಲಂಗಿ, ಬೀಟ್‌ರೂಟ್‌ಗೆ ಬೇಡ. ಆ ಬೇರುಗಳಿಗೆ ಈ ಶಿಲೀಂಧ್ರ ಕೂಡುವುದಿಲ್ಲ, ಸುಮ್ನೆ ದುಡ್ಡು ದಂಡ.

ಕೆಲವರು ಇದನ್ನು ಗೊಬ್ಬರ ಅಂದುಕೊಂಡಿದ್ದಾರೆ. ಅಲ್ಲ, ಇದು ಜೀವ ಇರುವ ಶಿಲೀಂಧ್ರ. ಬೇರಿನೊಳಗೆ ಸೇರಿ, ಕೂದಲಿಗಿಂತ ತೆಳ್ಳಗಿನ ಎಳೆಗಳನ್ನು ಮಣ್ಣಿಗೆ ಬಿಡುತ್ತದೆ. ಬೇರು ತಲುಪದ ಕಡೆಯಿಂದ ರಂಜಕ, ಸತು, ನೀರು ಎಳೆದು ಗಿಡಕ್ಕೆ ಕೊಡುತ್ತದೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಅದೇ ಎಳೆಗಳು ಮಣ್ಣಿನ ಕಣಗಳನ್ನೂ ಹಿಡಿದಿಡುತ್ತವೆ. ನಮ್ಮ ಕೆಂಪು ಮಣ್ಣಲ್ಲಿ ರಂಜಕ ಇದ್ದರೂ ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿರುತ್ತದೆ, ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ ಅಲ್ವಾ? ಅದಕ್ಕೇ ನಮಗೆ ಇದು ಬೇಕು.

ಮುಖ್ಯವಾಗಿ, ಬೇರಿಗೆ ತಾಗುವಂತೆ ಹಾಕಿ. ಸಸಿ ಟ್ರೇಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಬೆರೆಸಿ, ಇಲ್ಲವೇ ನಾಟಿ ಗುಣಿಗೆ ಹಾಕಿ. ಪ್ರಮಾಣ ಚೀಲದ ಮೇಲಿದೆ. ಜೊತೆಗೆ ರಂಜಕದ ಗೊಬ್ಬರ ಡಿಎಪಿ ಸುರಿಯಬೇಡಿ, ರಂಜಕ ಜಾಸ್ತಿಯಾದರೆ ಶಿಲೀಂಧ್ರ ಬೇರಿಗೆ ಸೇರುವುದೇ ಕಡಿಮೆ. ವ್ಯಾಮ್ ಹಾಕುವಾಗ ಬುಡಕ್ಕೆ ಶಿಲೀಂಧ್ರನಾಶಕವೂ ಬೇಡ. ಚೀಲವನ್ನು ನೆರಳಲ್ಲಿಡಿ.

ಎಷ್ಟು ಚೀಲ, ಯಾವ ಬೆಳೆಗೆ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ!